ಒಂಬತ್ತು ತಿಂಗಳ ನಿದ್ದೆಯನ್ನು ಒಂದು ಭಾನುವಾರದಲ್ಲಿ ತೀರಿಸೋಕೆ ಹೋಗಬೇಡಿ

ಪ್ರಶ್ನೆ: ನನಗೆ 27 ವರ್ಷ. ಶಿರಸಿ ಹತ್ತಿರದ ಹಳ್ಳಿ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ, ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದರವರೆಗೆ ಶಿಫ್ಟ್. ಕಳೆದ ನವೆಂಬರಿನಲ್ಲಿ ಅಪ್ಪನಿಗೆ ಹೃದಯಾಘಾತ ಆಗಿ ಸ್ಟೆಂಟ್ ಹಾಕಿದರು, ಅವರಿಗೆ ಆಗ 53. ಆ ಸಲದ ಅಡಿಕೆ ಕೊನೆ (ಗೊನೆ) ಕೊಯ್ಲು ಪೂರ್ತಿ ನನ್ನ ತಲೆ ಮೇಲೆ ಬಂತು. ಏಪ್ರಿಲ್ ಕೊನೆಗೆ ಅಕ್ಕನ ಮದುವೆ. ಜುಲೈನಲ್ಲಿ ದೂರಶಿಕ್ಷಣದ ಎಂ.ಕಾಂ. ಪರೀಕ್ಷೆ. ಅಷ್ಟೂ ದಿನ ಐದು, ಐದೂವರೆ ಗಂಟೆ ನಿದ್ದೆಯಲ್ಲೇ ದಾಟಿಸಿದೆ, ಏನೂ ಆಗಲಿಲ್ಲ. ಈಗ ಎಲ್ಲ ಮುಗಿದು ಎರಡೂವರೆ ತಿಂಗಳಾಯಿತು, ಈಗ ಸುಸ್ತು! ಭಾನುವಾರ ಹನ್ನೊಂದು ಗಂಟೆ ಮಲಗಿದರೂ ಹೋಗುವುದಿಲ್ಲ. ತಲೆ ಬಾಚಿದರೆ ಬಾಚಣಿಗೆ ತುಂಬಾ ಕೂದಲು. ಅದಕ್ಕೆ ಬಯೋಟಿನ್ ಗಮ್ಮಿ ತಿನ್ನುತ್ತಿದ್ದೇನೆ. ಚೌತಿಗೆ ಮುಂಚೆ ಅತ್ತೆ ಮನೆಯಲ್ಲಿ ಚಕ್ಕುಲಿ ಕಂಬಳ (ಎಲ್ಲರೂ ಸೇರಿ ಚಕ್ಕುಲಿ ಮಾಡುವುದು) ಇತ್ತು, ಮೀಟಿಂಗ್ ಇದೆ ಅಂತ ಸುಳ್ಳು ಹೇಳಿ ಮಲಗಿಬಿಟ್ಟೆ. ಇಬ್ಬರು ಗೆಳತಿಯರ ಮದುವೆ ತಪ್ಪಿಸಿದ್ದೇನೆ, ನೂರಾರು ಮೆಸೇಜ್ ಓದಿಲ್ಲ, ಹಲ್ಲು ನೋವು ಹಾಗೇ ಇದೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಯೋಗ, ಆನ್‌ಲೈನ್ ಕೋರ್ಸು ಅಂತ ಟೈಮ್‌ಟೇಬಲ್ ಮಾಡಿದೆ, ನಾಲ್ಕು ದಿನ ನಡೆಯಿತು. ಗೆಳತಿ ಇದು ಬರ್ನೌಟ್, ಕೆಲಸ ಬಿಡು ಅನ್ನುತ್ತಾಳೆ. ಅಮ್ಮ ದೃಷ್ಟಿ ಅನ್ನುತ್ತಾಳೆ. ಪಕ್ಕದ ಮನೆಯವರು ಬಿ12 ಇಂಜೆಕ್ಷನ್ ಅನ್ನುತ್ತಾರೆ. ಇದರ ನಡುವೆ ಮನೆಯಲ್ಲಿ ನನ್ನ ಜಾತಕ ಕೊಡುವ ಮಾತು. ತಪ್ಪಿಹೋದದ್ದನ್ನೆಲ್ಲ ಸರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಇಷ್ಟು ವಿವರವಾಗಿ ಬರೆದಿದ್ದು ಒಳ್ಳೆಯದಾಯಿತು. ಕ್ಲಿನಿಕ್ಕಿಗೆ ಬರುವವರು "ಡಾಕ್ಟ್ರೇ, ಸುಸ್ತು" ಅಂತ ಒಂದೇ ಮಾತು ಹೇಳಿ, ಬಿಪಿ ನೋಡಲಿ ಅಂತ ಕೈ ಚಾಚಿ ಕೂರುತ್ತಾರೆ. ಉಳಿದದ್ದನ್ನು ಹೊರಡಿಸುವುದೇ ಅರ್ಧ ಕೆಲಸ.

ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ. ಒಂಬತ್ತು ತಿಂಗಳು ಓಡಿದಿರಿ, ಆಗ ಬಿಟ್ಟುಹೋದದ್ದು ಒಂದು ರಾಶಿಯಾಗಿ ಬಿದ್ದಿದೆ, ಅದರಲ್ಲಿ ನಿದ್ದೆಯೂ ಇದೆ, ಗೆಳತಿಯರೂ ಇದ್ದಾರೆ, ಹಲ್ಲೂ ಇದೆ. ಬಿಡುವಾದ ಮೇಲೆ ಒಂದು ಟೈಮ್‌ಟೇಬಲ್ ಹಾಕಿಕೊಂಡು ಎಲ್ಲ ತೀರಿಸಿಬಿಡುತ್ತೇನೆ ಅಂದುಕೊಂಡಿದ್ದಿರಿ. ಬಿಡುವಾಯಿತು, ಮೈಯೇ ಏಳುತ್ತಿಲ್ಲ. ಅದಕ್ಕೆ ಹೆದರಿದ್ದೀರಿ, ಹೆದರಿಕೆಗಿಂತ ಜಾಸ್ತಿ ನಾಚಿಕೆಪಟ್ಟುಕೊಂಡಿದ್ದೀರಿ ಅನಿಸುತ್ತದೆ. ಚಕ್ಕುಲಿ ಕಂಬಳದ ಸುಳ್ಳನ್ನು ಡಾಕ್ಟರಿಗೆ ಬರೆಯುವ ಅಗತ್ಯ ಇರಲಿಲ್ಲ, ಆದರೂ ಬರೆದಿದ್ದೀರಿ.

ದೇಹದ ಸುಸ್ತು ಬೇರೆ, ಬಾಕಿ ಕೆಲಸ ಬೇರೆ. ಎರಡನ್ನೂ ಸೇರಿಸಿ ಒಂದೇ ಏಟಿಗೆ ಸರಿ ಮಾಡಲು ಹೋಗಿದ್ದಕ್ಕೇ ಆ ಟೈಮ್‌ಟೇಬಲ್ ನಾಲ್ಕು ದಿನಕ್ಕೆ ಬಿದ್ದದ್ದು. ಸುಸ್ತನ್ನು ಮೊದಲು ನೋಡೋಣ.

"ಅಷ್ಟೂ ದಿನ ಏನೂ ಆಗಲಿಲ್ಲ, ಈಗ ಸುಸ್ತು" ಅಂದಿದ್ದೀರಿ. ಆಗಲೂ ಆಗಿತ್ತು, ಗೊತ್ತಾಗಲಿಲ್ಲ ಅಷ್ಟೇ. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಒಂದು ಪ್ರಯೋಗ ಇದೆ. ಆರೋಗ್ಯವಂತ ಜನರನ್ನು ಎರಡು ವಾರ ಲ್ಯಾಬಿನಲ್ಲೇ ಇರಿಸಿಕೊಂಡು, ಕೆಲವರಿಗೆ ರಾತ್ರಿ ನಾಲ್ಕು ಗಂಟೆ, ಕೆಲವರಿಗೆ ಆರು, ಕೆಲವರಿಗೆ ಎಂಟು ಗಂಟೆ ಮಲಗಲು ಬಿಟ್ಟರು. ಆರು ಗಂಟೆ ಮಲಗಿದವರ ಗಮನ ಮತ್ತು ನೆನಪು ಎರಡು ವಾರ ಮುಗಿಯುವಷ್ಟರಲ್ಲಿ, ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಅದಕ್ಕಿಂತ ಮುಖ್ಯ ಇನ್ನೊಂದು. "ನಿದ್ದೆ ಬರ್ತಾ ಇದೆಯಾ?" ಅಂತ ಕೇಳಿದರೆ ಮೊದಲ ಕೆಲವು ದಿನ ಹೌದು ಹೌದು ಅಂದವರು, ಆಮೇಲೆ ಅದಕ್ಕಿಂತ ಹೆಚ್ಚೇನೂ ಆಗಿಲ್ಲ ಅನ್ನುತ್ತಾ ಹೋದರು. ಪರೀಕ್ಷೆಯಲ್ಲಿ ಮಾತ್ರ ದಿನದಿಂದ ದಿನಕ್ಕೆ ಕೆಳಗೆ ಬಿದ್ದರು. ಅಂದರೆ ನಿದ್ದೆ ಕಡಿಮೆಯಾದಾಗ, ಕಡಿಮೆಯಾಗಿದೆ ಅಂತ ಅಳೆಯುವ ಶಕ್ತಿಯೂ ಮಂಕಾಗುತ್ತದೆ. ಮದುವೆಯ ಲೆಕ್ಕದಲ್ಲಿ ಎಷ್ಟು ಸಲ ಕೂಡಿಸಿ ತಪ್ಪಿದಿರಿ, ಅಡಿಕೆ ಸುಲಿಯುವವರ ಮೇಲೆ ಎಷ್ಟು ಸಲ ಸುಮ್ನೆ ರೇಗಿದಿರಿ ಅಂತ ಅಮ್ಮನನ್ನು ಕೇಳಿ ನೋಡಿ. ಅವರಿಗೆ ನೆನಪಿರುತ್ತದೆ.

ಹಾಗಾದರೆ ಹೋದ ನಿದ್ದೆ ವಾಪಸ್ ಬರುತ್ತದಾ? ನೀವು ಅದನ್ನು ಸೊಸೈಟಿ ಸಾಲದ ಥರ ನೋಡುತ್ತಿದ್ದೀರಿ. ಒಂಬತ್ತು ತಿಂಗಳು, ದಿನಕ್ಕೆ ಎರಡೆರಡು ಗಂಟೆ, ಒಟ್ಟು ಇಷ್ಟು, ಕಂತಿನಲ್ಲಿ ತೀರಿಸಬೇಕು ಅಂತ. ದೇಹ ಹಾಗೆ ಲೆಕ್ಕ ಇಡುವುದಿಲ್ಲ. 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿವರೆಗೆ ರ‍್ಯಾಂಡಿ ಗಾರ್ಡ್ನರ್ ಅನ್ನುವ 17 ವರ್ಷದ ಅಮೆರಿಕನ್ ಹುಡುಗ ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆ ಅಂತ 264 ಗಂಟೆ, ಅಂದರೆ 11 ದಿನ ಎಚ್ಚರ ಇದ್ದ. ದಿನಕ್ಕೆ ಎಂಟು ಗಂಟೆ ಅಂತ ಹಿಡಿದರೆ 88 ಗಂಟೆ ನಿದ್ದೆ ಬಾಕಿ. ಆಮೇಲೆ ಅವನು ಮೊದಲ ಸಲ ಮಲಗಿದ್ದು 14 ಗಂಟೆ ಚಿಲ್ಲರೆ, ಸ್ವಲ್ಪ ದಿನದಲ್ಲೇ ಮಾಮೂಲಿಗೆ ಬಂದ. ಮಿದುಳು ಗಂಟೆಗೆ ಗಂಟೆ ವಸೂಲಿ ಮಾಡದೆ, ಇದ್ದ ಗಂಟೆಗಳಲ್ಲೇ ನಿದ್ದೆಯನ್ನು ಆಳ ಮಾಡಿಕೊಂಡು ಸರಿದೂಗಿಸುತ್ತದೆ. ನಿಮಗೆ ಬೇಕಾದದ್ದು ಸಾಲಾಗಿ ಕೆಲವು ವಾರ ಮಾಮೂಲಿ ರಾತ್ರಿ. ಅದೇ ನಿಮಗೆ ಇನ್ನೂ ಸಿಕ್ಕಿಲ್ಲ.

ಯಾಕೆ ಸಿಕ್ಕಿಲ್ಲ ಅನ್ನುವುದಕ್ಕೆ ನಿಮ್ಮ ಭಾನುವಾರವೇ ಉತ್ತರ. ಶನಿವಾರ ರಾತ್ರಿ ಒಂದಕ್ಕೆ ಮಲಗಿ ಭಾನುವಾರ ಹನ್ನೆರಡಕ್ಕೆ ಎದ್ದರೆ, ಆ ರಾತ್ರಿ ಒಂದಕ್ಕೆ ಕಣ್ಣು ಮುಚ್ಚುವುದಿಲ್ಲ, ಮೂರು ಗಂಟೆಯಾಗುತ್ತದೆ. ದಿನವಿಡೀ ಎಚ್ಚರ ಇದ್ದಷ್ಟೂ ನಿದ್ದೆಯ ಒತ್ತಡ ಏರುತ್ತದೆ, ಮಧ್ಯಾಹ್ನ ಎದ್ದವರಿಗೆ ಅದು ಏರಲು ಹೊತ್ತೇ ಸಿಗುವುದಿಲ್ಲ. ಜೊತೆಗೆ ಮೈಯೊಳಗಿನ ಗಡಿಯಾರ ಬೆಳಗಿನ ಬೆಳಕು ನೋಡಿ ದಿನ ಶುರು ಮಾಡುವುದು, ಆ ಬೆಳಕೂ ತಪ್ಪಿತು. ಸೋಮವಾರ ಮತ್ತೆ ಅಲಾರಾಂ. ವಾರಕ್ಕೊಂದು ಸಲ ಬೇರೆ ದೇಶಕ್ಕೆ ಹೋಗಿ ಬಂದವರ ಸ್ಥಿತಿ ಆಗುತ್ತದೆ, ಶಿರಸಿ ಬಿಟ್ಟು ಎಲ್ಲೂ ಹೋಗದೆ. 2019ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿದ್ದರು. ವಾರವಿಡೀ ಐದು ಗಂಟೆ, ವಾರಾಂತ್ಯದಲ್ಲಿ ಬೇಕಾದಷ್ಟು ಮಲಗಿದ ಯುವಕ ಯುವತಿಯರು, ಮತ್ತೆ ಐದು ಗಂಟೆಗೆ ಮರಳಿದ ಕೂಡಲೇ ಊಟದ ಮೇಲೆ ಕುರುಕಲು ತಿನ್ನುವುದು ಶುರುವಾಯಿತು, ಇನ್ಸುಲಿನ್ ಕೆಲಸ ಮಾಡುವುದು ಹದಗೆಟ್ಟಿತು. ವಾರಾಂತ್ಯದ ನಿದ್ದೆ ಅವರನ್ನು ಕಾಪಾಡಲಿಲ್ಲ.

ಇನ್ನು ಐದು ಗಂಟೆಗೆ ಏಳುವ ವಿಚಾರ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚುವವರು ಐದಕ್ಕೆ ಏಳುವುದು ಶಿಸ್ತಲ್ಲ, ಶಿಕ್ಷೆ. ಅಮ್ಮ ಐದಕ್ಕೆ ಏಳುತ್ತಾರೆ ನಿಜ, ಕೊಟ್ಟಿಗೆ ಕೆಲಸ ಇದೆ, ಆದರೆ ಒಂಬತ್ತೂವರೆಗೆ ದೀಪ ಆರಿಸುತ್ತಾರೆ ಅಲ್ವಾ? ಇನ್ನೂ ಒಂದು. ಹರೆಯದಲ್ಲಿ ದೇಹದ ಗಡಿಯಾರ ತಡಕ್ಕೆ ಜಾರುತ್ತದೆ, ಇಪ್ಪತ್ತರ ಆಸುಪಾಸು ಎಲ್ಲಕ್ಕಿಂತ ತಡ, ಅಲ್ಲಿಂದ ಮುಂದೆ ನಿಧಾನಕ್ಕೆ ಹಿಂದಕ್ಕೆ ಬರುತ್ತದೆ. ನಿಮ್ಮ ವಯಸ್ಸಿನವರು ಬೇಗ ಏಳಲಾರದ್ದಕ್ಕೆ ಸೋಮಾರಿತನ ಅನ್ನುವ ಮನೆಗಳೇ ಜಾಸ್ತಿ, ನಾನು ಆ ಪಂಗಡಕ್ಕೆ ಸೇರಿದವನಲ್ಲ.

ಮಾಡಬೇಕಾದ್ದು ಹೇಳುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಏಳಿ, ಏಳೂ ದಿನ. ಭಾನುವಾರ ಒಂದು ಗಂಟೆ ರಿಯಾಯಿತಿ, ಅದಕ್ಕಿಂತ ಬೇಡ. ಎದ್ದ ಕೂಡಲೇ ಫೋನ್ ಒಳಗಿಟ್ಟು ಅಂಗಳಕ್ಕೋ ತೋಟಕ್ಕೋ ಇಪ್ಪತ್ತು ನಿಮಿಷ ಹೋಗಿ ಬನ್ನಿ, ಮೋಡ ಇದ್ದರೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮಧ್ಯಾಹ್ನ ಊಟ ಆದ ಮೇಲೆ, ಶಿಫ್ಟಿಗೆ ಮುಂಚೆ, ಬೇಕಾದರೆ ಇಪ್ಪತ್ತು ಇಪ್ಪತ್ತೈದು ನಿಮಿಷ ಕಣ್ಣು ಮುಚ್ಚಿ. ಸಂಜೆ ಐದರ ಚಹಾ ಕೊನೆಯದು, ಕೆಫೀನಿನ ಅರ್ಧ ಪಾಲು ಮೈಯಿಂದ ಹೋಗಲಿಕ್ಕೇ ಸುಮಾರು ಐದು ಗಂಟೆ ಬೇಕು. ವಯಸ್ಕರಿಗೆ ರಾತ್ರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಅನ್ನುವುದರಲ್ಲಿ ವೈದ್ಯರಲ್ಲಿ ಜಗಳ ಇಲ್ಲ. ಹನ್ನೆರಡೂವರೆಗೆ ಮಲಗಿದರೆ ಎಂಟು ಸಿಗುತ್ತದೆ.

ಹನ್ನೆರಡೂವರೆಗೆ ಮಲಗುವುದೇ ಕಷ್ಟ ಅನ್ನುತ್ತೀರಿ. ಶಿಫ್ಟ್ ಮುಗಿದ ಮೇಲೆ ಹಾಸಿಗೆಯಲ್ಲಿ ಫೋನ್ ಹಿಡಿದು ಎರಡು ಗಂಟೆಯವರೆಗೆ ಇರುವುದನ್ನು ನೀವು ಬರೆದಿಲ್ಲ, ಆದರೆ ಈ ಶಿಫ್ಟಿನ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಇದನ್ನೇ ಹೇಳುತ್ತಾರೆ. ಇಡೀ ದಿನದಲ್ಲಿ ಅದೊಂದೇ ಹೊತ್ತು ನನ್ನದು ಅಂತ. ಅದು ಬೇಡ ಅಂತ ನಾನು ಹೇಳಲಾರೆ, ಜಾಗ ಬದಲಿಸಿ ಅನ್ನುತ್ತೇನೆ. ನಿಮಗೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಹೊತ್ತಿದೆ, ಹಗಲು ಕೆಲಸದವರಿಗೆ ಇಲ್ಲದ ಭಾಗ್ಯ. ಅದರಲ್ಲಿ ಒಂದು ಗಂಟೆ ಯಾರಿಗೂ ಕೊಡಬೇಡಿ, ತೋಟದ ಕೆಲಸಕ್ಕೂ ಕೊಡಬೇಡಿ. ಹಗಲು ಸ್ವಂತದ ಹೊತ್ತು ಸಿಕ್ಕಿದವರು ರಾತ್ರಿ ಅದಕ್ಕಾಗಿ ಹಟ ಹಿಡಿಯುವುದು ಕಡಿಮೆ. ಎರಡು ಮೂರು ವಾರ ಹೀಗೆ ನಡೆಸಿ, ಮೊದಲ ವಾರ ಏನೂ ಗೊತ್ತಾಗುವುದಿಲ್ಲ, ಇನ್ನೂ ಸುಸ್ತು ಅನ್ನಿಸಿದರೂ ಅನ್ನಿಸೀತು.

ಕೂದಲು. ಇದಕ್ಕೆ ಬಹಳ ಹೆದರಬೇಡಿ. ತಲೆಯ ಕೂದಲಿನಲ್ಲಿ ಒಂದು ಪಾಲು ಯಾವಾಗಲೂ ವಿಶ್ರಾಂತಿಯಲ್ಲಿ ಇರುತ್ತದೆ. ದೊಡ್ಡ ಜ್ವರ, ಹೆರಿಗೆ, ಆಪರೇಷನ್, ತಿಂಗಳುಗಟ್ಟಲೆ ಊಟ ನಿದ್ದೆ ಕೆಡುವುದು, ಇಂಥದ್ದೇನಾದರೂ ಆದಾಗ ಜಾಸ್ತಿ ಕೂದಲು ಒಟ್ಟಿಗೆ ಆ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ. ಇವತ್ತು ನಿಮ್ಮ ಬಾಚಣಿಗೆಯಲ್ಲಿ ಇರುವುದು ಮದುವೆ ಮತ್ತು ಪರೀಕ್ಷೆ ಕಾಲದ ಕೂದಲು. ಸುಮಾರು ಆರು ತಿಂಗಳೊಳಗೆ ಉದುರುವುದು ತಾನಾಗೇ ಕಡಿಮೆ ಆಗುತ್ತದೆ. ಕನ್ನಡಿ ಮುಂದೆ ನಿಂತು ಹಣೆಯ ಅಂಚು ನೋಡಿ, ಗಿಡ್ಡ ಹೊಸ ಕೂದಲು ನೆಟ್ಟಗೆ ನಿಂತಿದ್ದರೆ ಅದು ಒಳ್ಳೆಯ ಲಕ್ಷಣ. ರೂಪಾಯಿ ಅಗಲ ಬೋಳಾದ ಜಾಗ ಇದ್ದರೆ, ಬೈತಲೆ ಅಗಲ ಆಗುತ್ತಾ ಹೋದರೆ ಮಾತ್ರ ಚರ್ಮದ ಡಾಕ್ಟರಿಗೆ ತೋರಿಸಿ.

ಆ ಗಮ್ಮಿ ನಿಲ್ಲಿಸಿ. ಬಯೋಟಿನ್ ಕೊರತೆ ತೀರಾ ಅಪರೂಪ, ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಹಣ ಹೋದರೆ ಹೋಗಲಿ, ತೊಂದರೆ ಬೇರೆ ಇದೆ. ಬಯೋಟಿನ್ ಜಾಸ್ತಿ ತಿಂದವರ ರಕ್ತವನ್ನು ಕೆಲವು ಬಗೆಯ ಲ್ಯಾಬ್ ಯಂತ್ರಕ್ಕೆ ಹಾಕಿದರೆ ಥೈರಾಯ್ಡ್ ಅಂಕೆಗಳು ತಪ್ಪು ಬರುತ್ತವೆ. ಇಲ್ಲದ ಥೈರಾಯ್ಡ್ ಕಾಯಿಲೆ ಕಾಗದದ ಮೇಲೆ ಹುಟ್ಟುತ್ತದೆ. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ತಿಂದಿರಬಾರದು, ಮತ್ತು ತಿನ್ನುತ್ತಿದ್ದೆ ಅಂತ ಲ್ಯಾಬಿನವರಿಗೆ ಹೇಳಬೇಕು.

ರಕ್ತ ಯಾಕೆ ಕೊಡಬೇಕು ಅಂದರೆ, ಇಷ್ಟೆಲ್ಲ ನಿದ್ದೆಯ ಕಥೆ ಹೇಳಿದರೂ ಸುಸ್ತಿಗೆ ಬೇರೆ ಕಾರಣ ಇಲ್ಲ ಅಂತ ಪತ್ರ ನೋಡಿ ಹೇಳಲು ಆಗುವುದಿಲ್ಲ. ಅಷ್ಟುದ್ದ ಬರೆದ ನೀವು ಮುಟ್ಟಿನ ಬಗ್ಗೆ ಒಂದು ಮಾತೂ ಬರೆದಿಲ್ಲ. ಸ್ರಾವ ಜಾಸ್ತಿ ಇದೆಯಾ, ಗಡ್ಡೆ ಹೋಗುತ್ತದಾ, ಎಷ್ಟು ದಿನ? ಸುಸ್ತು ಅಂತ ಬರುವ ಹೆಣ್ಣುಮಕ್ಕಳಿಗೆ ನಾನು ಕೇಳುವ ಮೊದಲ ಪ್ರಶ್ನೆ ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಜಾಸ್ತಿ! ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದನ್ನು ಸರಿಮಾಡದೆ ಬೇರೆ ಏನು ಮಾಡಿದರೂ ಸುಸ್ತು ಹೋಗುವುದಿಲ್ಲ. ಹಿಮೋಗ್ಲೋಬಿನ್ ಸರಿ ಇದ್ದೂ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು, ಅದಕ್ಕೆ ಫೆರಿಟಿನ್ ಅಂತ ಬೇರೆ ಟೆಸ್ಟ್. ಹಾಗಾಗಿ ಸಿಬಿಸಿ (ಹಿಮೋಗ್ಲೋಬಿನ್, ರಕ್ತಕಣಗಳ ಎಣಿಕೆ), ಫೆರಿಟಿನ್, ಥೈರಾಯ್ಡಿಗೆ ಟಿಎಸ್‌ಎಚ್, ಬಿ12, ಸಕ್ಕರೆ. ನಿಮಗೆ ಒಂದು ಹೆಚ್ಚಿನದು, ಕೊಲೆಸ್ಟ್ರಾಲ್. ಅಪ್ಪನಿಗೆ 55 ದಾಟುವ ಮೊದಲೇ ಹೃದಯಾಘಾತ ಆಗಿದೆ, ಅಂಥ ಮನೆಯ ಮಕ್ಕಳು ಇಪ್ಪತ್ತರ ಹರೆಯದಲ್ಲೇ ಒಮ್ಮೆ ನೋಡಿಸಿಕೊಳ್ಳಬೇಕು. ಅಕ್ಕನಿಗೂ ಹೇಳಿ.

ಎಪ್ಪತ್ತು ಎಂಬತ್ತು ಟೆಸ್ಟಿನ ಪ್ಯಾಕೇಜ್ ಬೇಡ. ಅಷ್ಟು ಅಂಕೆ ತೆಗೆದರೆ ಆರೋಗ್ಯವಂತರಲ್ಲೂ ಮೂರು ನಾಲ್ಕು ಕೆಂಪು ಅಕ್ಷರದಲ್ಲಿ ಬಂದೇ ಬರುತ್ತವೆ. ಆಮೇಲೆ ಅದರ ಹಿಂದೆ ಓಡಾಟ, ಮತ್ತೊಂದು ಸ್ಕ್ಯಾನ್, ನಿಮಗೆ ಬೇಡವಾದದ್ದೇ ಅದು.

ಬಿ12 ಇಂಜೆಕ್ಷನ್ ಬಗ್ಗೆ ಪಕ್ಕದ ಮನೆಯವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಮಾಂಸ ಮೀನು ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಕೊರತೆ ನಿಜಕ್ಕೂ ಸಾಮಾನ್ಯ. ಹಾಲು ಮೊಸರು ಬಿಟ್ಟರೆ ಅದು ಸಿಗುವ ದಾರಿಯಿಲ್ಲ, ಮಜ್ಜಿಗೆ ನೀರಾದಷ್ಟೂ ಬಿ12 ತೆಳ್ಳಗೆ. ಆದರೆ ಮೊದಲು ಚುಚ್ಚಿಸಿಕೊಂಡು ಆಮೇಲೆ ಪರೀಕ್ಷೆ ಮಾಡಿಸಿದರೆ ಅಂಕೆ ಏರಿರುತ್ತದೆ, ಕೊರತೆ ಇತ್ತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಕೊರತೆ ಇಲ್ಲದಿದ್ದರೆ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ, ನಾಲ್ಕು ದಿನ ಹುರುಪು ಅನ್ನಿಸುವುದು ಚುಚ್ಚಿಸಿಕೊಂಡ ಸಮಾಧಾನಕ್ಕೆ. ಇದೆ ಅಂತಾದರೆ ಬಹಳ ಜನರಿಗೆ ಮಾತ್ರೆಯೇ ಸಾಕು, ತೀರಾ ಕಡಿಮೆ ಇದ್ದರೆ, ಕೈಕಾಲು ಜೋಮು ಇದ್ದರೆ ಇಂಜೆಕ್ಷನ್. ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾ ಕಾಫಿ ಜೊತೆ ನುಂಗಬೇಡಿ, ಮೈ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ದೃಷ್ಟಿ ತೆಗೆಸಿಕೊಳ್ಳಿ, ನನ್ನದೇನೂ ಅಡ್ಡಿ ಇಲ್ಲ. ಗಂಡನಿಗೆ ಸ್ಟೆಂಟ್ ಹಾಕಿಸಿ, ಒಬ್ಬ ಮಗಳ ಮದುವೆ ಮುಗಿಸಿ, ಇನ್ನೊಬ್ಬಳು ಮಲಗೇ ಇರುವುದನ್ನು ನೋಡುತ್ತಿರುವ ಅಮ್ಮನಿಗೆ ಏನಾದರೂ ಮಾಡಿದೆ ಅನ್ನುವ ನೆಮ್ಮದಿಯೂ ಬೇಕು. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ ಮಾರನೇ ದಿನ ಲ್ಯಾಬಿಗೆ ಹೋಗಿ.

ಕಾಯುವುದು ಬೇಡ ಅನ್ನುವ ಕೆಲವು ಲಕ್ಷಣ ಇವೆ. ಸಂಜೆ ಜ್ವರ, ಎರಡು ವಾರ ದಾಟಿದ ಕೆಮ್ಮು, ಊಟ ಬಿಡದೆ ತೂಕ ಇಳಿಯುವುದು, ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮ ಕಡೆ ಮಳೆಗಾಲ ಮತ್ತು ಅದರ ಬೆನ್ನಿಗೆ ಇಲಿಜ್ವರ, ಚಳಿಗಾಲದಿಂದ ಬೇಸಿಗೆವರೆಗೆ ಮಂಗನ ಕಾಯಿಲೆ. ಸೊಪ್ಪು ತರಲು ಬೆಟ್ಟಕ್ಕೆ ಹೋಗಿ ಬಂದ ಮೇಲೆ ಜ್ವರ ಬಂದರೆ ಅದನ್ನು ಆಯಾಸದ ಲೆಕ್ಕಕ್ಕೆ ಬರೆಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಈಗ ಬರ್ನೌಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆ ಅಂತ ಸೇರಿಸಿಲ್ಲ, ಕೆಲಸದ ಜಾಗದ ಒತ್ತಡವನ್ನು ಬಹುಕಾಲ ಸರಿಪಡಿಸದೇ ಇದ್ದಾಗ ಆಗುವ ಸ್ಥಿತಿ ಅಂತ ಬರೆದಿದೆ. ನಿಮ್ಮ ಪತ್ರದಲ್ಲಿ ಕಂಪನಿಯ ಬಗ್ಗೆ ಒಂದು ದೂರೂ ಇಲ್ಲ. ಬಾಸ್ ಬಗ್ಗೆ ಇಲ್ಲ, ಟಾರ್ಗೆಟ್ ಬಗ್ಗೆ ಇಲ್ಲ. ನಿಮ್ಮನ್ನು ಹಣ್ಣು ಮಾಡಿದ್ದು ತೋಟ, ಮದುವೆ, ಆಸ್ಪತ್ರೆ, ಪರೀಕ್ಷೆ. ಕೆಲಸ ಬಿಟ್ಟರೆ ಇವು ಯಾವುದೂ ಕಡಿಮೆ ಆಗುವುದಿಲ್ಲ, ಮನೆಯಲ್ಲೇ ಇದ್ದಾಳಲ್ಲ ಅಂತ ಇನ್ನಷ್ಟು ಜಾಸ್ತಿ ಆಗಬಹುದು. ಸಂಬಳವೂ ನಿಲ್ಲುತ್ತದೆ, ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪನ ಹೆಸರು ಇದ್ದರೆ ಅದೂ ಹೋಗುತ್ತದೆ. ಸ್ಟೆಂಟ್ ಹಾಕಿದವರಿಗೆ ಹೊಸದಾಗಿ ವಿಮೆ ಮಾಡಿಸುವುದು ಸುಲಭ ಇಲ್ಲ. ಬಿಡಲೇಬೇಕು ಅನ್ನಿಸಿದರೆ ಮೂರು ತಿಂಗಳು ನಿದ್ದೆ ಸರಿಯಾದ ಮೇಲೆ ನಿರ್ಧಾರ ಮಾಡಿ. ರಜೆ ಇದ್ದರೆ ಒಂದು ವಾರ ತೆಗೆದುಕೊಳ್ಳಬಹುದು, ಆದರೆ ರಜೆ ಹಾಕಿದ ಸುದ್ದಿ ಮನೆಯಲ್ಲಿ ಹರಡಿದರೆ ಅದು ರಜೆಯಾಗಿ ಉಳಿಯುತ್ತದಾ ನೋಡಿಕೊಳ್ಳಿ.

ಖಿನ್ನತೆ ಇದೆಯಾ ಅಂತ ನೀವು ಕೇಳಿಲ್ಲ, ನಾನು ಕೇಳಬೇಕು. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿ, ಏನೂ ಬೇಡ ಅನ್ನಿಸಿದೆಯಾ? ಮೊದಲು ಇಷ್ಟಪಟ್ಟು ಮಾಡುತ್ತಿದ್ದದ್ದರಲ್ಲಿ ಆಸಕ್ತಿಯೇ ಹೋಗಿದೆಯಾ? ಕಂಬಳಕ್ಕೆ ಹೋಗದೆ ಮಲಗಿದಿರಿ ಸರಿ, ಆಮೇಲೆ ಅತ್ತೆ ಕಳಿಸಿದ ಚಕ್ಕುಲಿ ರುಚಿಸಿತಾ, ಅತ್ತಿಗೆ ನಾದಿನಿಯರು ಅಲ್ಲಿ ಏನು ಮಾತಾಡಿಕೊಂಡರು ಅಂತ ಕೇಳುವ ಕುತೂಹಲ ಇತ್ತಾ? ಇತ್ತು ಅಂದರೆ ಅದು ಹೆಚ್ಚಾಗಿ ಆಯಾಸ. ಹೋಗಲಾರದೆ ಇದ್ದದ್ದಕ್ಕೂ, ಹೋಗುವುದೇ ಯಾಕೆ ಅನ್ನಿಸಿದ್ದಕ್ಕೂ ವ್ಯತ್ಯಾಸ ಇದೆ. ಎರಡನೆಯದಾದರೆ ಮನೋವೈದ್ಯರನ್ನು ನೋಡಿ. ಹೋಗಲು ಮುಜುಗರ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಅದು 2022ರ ಅಕ್ಟೋಬರ್ 10ರಂದು ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದಿದ್ದರೆ ನಾಳೆ ಅನ್ನಬೇಡಿ, ಇವತ್ತೇ ಮನೆಯವರಿಗೆ ಹೇಳಿ, ಇವತ್ತೇ ಫೋನ್ ಮಾಡಿ.

ಬಾಕಿ ರಾಶಿಗೆ ಬರೋಣ. ಪಟ್ಟಿ ನೋಡಿದರೆ ತಾರೀಕು ಇರುವುದು ಅದರಲ್ಲಿ ಎರಡೋ ಮೂರೋ. ಅವನ್ನು ಮಾಡಿ, ಉಳಿದದ್ದರಲ್ಲಿ ಅರ್ಧ ಬಿಟ್ಟುಬಿಡಿ. ನಿಜವಾಗಿಯೂ ಬಿಟ್ಟುಬಿಡಿ.

ಮೊದಲನೆಯದು ನಿಮ್ಮ ಪಟ್ಟಿಯಲ್ಲೇ ಇಲ್ಲ. ನವೆಂಬರಿಗೆ ಅಪ್ಪನ ಸ್ಟೆಂಟಿಗೆ ಒಂದು ವರ್ಷ. ಹೃದಯಾಘಾತ ಆಗಿ ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆ ಸಾಮಾನ್ಯವಾಗಿ ವರ್ಷದ ತನಕ ಕೊಡುತ್ತಾರೆ. ಆಮೇಲೆ ಯಾವುದು ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು ಅಂತ ಹೇಳಬೇಕಾದವರು ಅವರ ಹೃದಯ ತಜ್ಞರು. ಆರಾಮ ಇದ್ದೇನೆ, ವರ್ಷ ಆಯಿತಲ್ಲ, ಅಂತ ಅಪ್ಪ ತಾವೇ ಎರಡನ್ನೂ ನಿಲ್ಲಿಸಿದರೆ ಸ್ಟೆಂಟಿನೊಳಗೆ ಹೆಪ್ಪುಗಟ್ಟುವ ಅಪಾಯ ಇದೆ. ಆ ಅಪಾಯಿಂಟ್‌ಮೆಂಟ್ ಈ ವಾರ ತೆಗೆದುಕೊಳ್ಳಿ, ಕರೆದುಕೊಂಡು ಹೋಗುವ ಕೆಲಸ ಅಕ್ಕ ಭಾವನಿಗೆ ಒಪ್ಪಿಸಿ.

ಹಲ್ಲು ಎರಡನೆಯದು. ಈಗ ಹೋದರೆ ಸಿಮೆಂಟ್ ತುಂಬಿಸಿ ಮುಗಿಯಬಹುದು, ಬಿಟ್ಟರೆ ರೂಟ್ ಕೆನಾಲ್, ಅದೂ ಬಿಟ್ಟರೆ ಕೀಳಿಸುವುದು. ರಿಟರ್ನ್ ನನ್ನ ಕ್ಷೇತ್ರ ಅಲ್ಲ, ಆದರೂ ಸಮಾಧಾನಕ್ಕೆ ಹೇಳುತ್ತೇನೆ. ಗಡುವು ತಪ್ಪಿದವರು ಡಿಸೆಂಬರ್ 31ರವರೆಗೆ ತಡ ಶುಲ್ಕ ಕಟ್ಟಿ ಹಾಕಬಹುದು, ಆದಾಯ 5 ಲಕ್ಷ ದಾಟಿದವರಿಗೆ 5,000 ರೂಪಾಯಿ, ಅದರೊಳಗಿನವರಿಗೆ 1,000. ಊರಿನ ಲೆಕ್ಕಪರಿಶೋಧಕರಿಗೆ ಕೊಟ್ಟು ಬನ್ನಿ.

ಮೆಸೇಜುಗಳು ಎಲ್ಲ ಓದಬೇಕಾಗಿಲ್ಲ. ಮದುವೆ ತಪ್ಪಿಸಿದ ಆ ಇಬ್ಬರಿಗೆ ಫೋನ್ ಮಾಡಿ, ಮೆಸೇಜ್ ಬೇಡ, ಫೋನ್. ಉದ್ದ ಕ್ಷಮಾಪಣೆಯೂ ಬೇಡ. "ಅಪ್ಪಂಗೆ ಹಾಗಾಯ್ತು, ಆಮೇಲೆ ಒಂದರ ಹಿಂದೆ ಒಂದು, ನಿನ್ನ ಮದುವೆಗೆ ಬರ್ಲಿಕ್ಕೆ ಆಗ್ಲಿಲ್ಲ ಕಣೇ, ಯಾವಾಗ ಊರಿಗೆ ಬರ್ತೀಯ?" ಇಷ್ಟು ಸಾಕು. ಇಂಥ ಫೋನನ್ನು ಆರು ತಿಂಗಳು ಮುಂದೂಡಿದವರು ಕೊನೆಗೆ ಮಾಡಿದಾಗ ಆ ಕಡೆಯಿಂದ ಬೈಗುಳ ಬಂದದ್ದು ನಾನು ಕೇಳಿದ್ದು ಕಡಿಮೆ, ಅವರದ್ದೂ ಇಂಥದ್ದೇ ಕಥೆ ಇರುತ್ತದೆ. ಅತ್ತೆಗೆ ಮಾತ್ರ ನಿಜ ಹೇಳಿಬಿಡಿ. ಮನೆಯ ಹಿರಿಯ ಹೆಂಗಸರಿಗೆ ಸುಸ್ತು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ.

ಆನ್‌ಲೈನ್ ಕೋರ್ಸ್ ಈ ವರ್ಷ ಬಿಡಿ. ಎಂ.ಕಾಂ. ಪರೀಕ್ಷೆ ಬರೆದು ಮೂರು ತಿಂಗಳೂ ಆಗಿಲ್ಲ. ಜಾತಕದ ಮಾತಿಗೆ, ಯುಗಾದಿ ಆದ ಮೇಲೆ ನೋಡೋಣ ಅಂತ ಅಪ್ಪ ಅಮ್ಮನಿಗೆ ನೇರ ಹೇಳಬಹುದು. ಬೇಡ ಅಂದರೆ ಜಗಳ ಹುಟ್ಟುತ್ತದೆ, ಯಾವಾಗ ಅಂತ ಒಂದು ತಾರೀಕು ಹೇಳಿದರೆ ಬಹಳ ಮನೆಗಳಲ್ಲಿ ಸುಮ್ಮನಾಗುತ್ತಾರೆ. ಒಂದು ಮದುವೆಯ ಸಾಲ ತೀರಲು ಅವರಿಗೂ ಹೊತ್ತು ಬೇಕಲ್ಲ.

ಈ ಎಲ್ಲಕ್ಕಿಂತ ನನಗೆ ಚಿಂತೆ ಮಾಡಿಸಿದ್ದು ನೀವು ಬರೆಯದೇ ಬಿಟ್ಟ ಒಂದು ವಿಷಯ. ಈಗ ಅಕ್ಟೋಬರ್. ಇನ್ನೊಂದು ತಿಂಗಳು ಒಂದೂವರೆ ತಿಂಗಳಿಗೆ ಮತ್ತೆ ಕೊನೆ ಕೊಯ್ಲು. ಹೋದ ವರ್ಷದ್ದನ್ನು ಸರಿ ಮಾಡಿಕೊಳ್ಳುವ ಯೋಚನೆಯಲ್ಲಿ ನೀವು ಈ ವರ್ಷದ್ದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಹೋದ ವರ್ಷ ಮಾಡಿದಳಲ್ಲ, ಈ ವರ್ಷವೂ ಮಾಡುತ್ತಾಳೆ ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ಅಂದುಕೊಂಡಿರುತ್ತಾರೆ. ಬಹುಶಃ ನೀವೂ.

ಅದನ್ನು ಈಗಲೇ ಊಟಕ್ಕೆ ಕೂತಾಗ ಎತ್ತಿ. ದಾರಿಗಳು ಇವೆ, ಒಂದೊಂದಕ್ಕೂ ಒಂದೊಂದು ಖರ್ಚು. ಫಸಲು ಗುತ್ತಿಗೆ ಕೊಟ್ಟರೆ ಪೂರ್ತಿ ಕೆಲಸ ತಪ್ಪುತ್ತದೆ, ಆದಾಯದಲ್ಲಿ ಕಡಿತ ಆಗುತ್ತದೆ, ತೋಟವನ್ನು ಬೇರೆಯವರ ಕೈಗೆ ಕೊಟ್ಟೆ ಅಂತ ಅಪ್ಪನಿಗೆ ಬೇಜಾರೂ ಆಗಬಹುದು. ಹಸಿ ಅಡಿಕೆಯಾಗಿಯೇ ಮಾರಿದರೆ ಒಣಗಿಸುವುದು, ಸುಲಿಸುವುದು, ಮಳೆ ಮೋಡ ನೋಡಿ ರಾತ್ರಿ ಅಂಗಳಕ್ಕೆ ಓಡುವುದು ತಪ್ಪುತ್ತದೆ, ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾಡಿಟ್ಟು ದರ ಬಂದಾಗ ಮಾರುವ ಅವಕಾಶ ಕೈತಪ್ಪುತ್ತದೆ. ಮೂರನೆಯದು, ಎಲ್ಲ ಹೋದ ವರ್ಷದ ಹಾಗೇ, ಆದರೆ ಅಪ್ಪ ಕೂತಲ್ಲಿಂದ ಮಾಡಬಹುದಾದ ಕೆಲಸ ಅಪ್ಪನಿಗೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ ಫೋನ್, ಆಳುಗಳ ಲೆಕ್ಕ, ಸೊಸೈಟಿ ವ್ಯವಹಾರ. ಹೃದಯ ತಜ್ಞರು ಬೇಡ ಅನ್ನದಿದ್ದರೆ ಇದಕ್ಕೆ ಅವರ ಎದೆ ಅಡ್ಡಿ ಬರುವುದಿಲ್ಲ, ಸ್ಟೆಂಟ್ ಆದವರನ್ನು ವರ್ಷಗಟ್ಟಲೆ ಜಗಲಿಯಲ್ಲಿ ಕೂರಿಸಿಡುವುದೇ ಅವರ ಆರೋಗ್ಯಕ್ಕೆ ಒಳ್ಳೆಯದಲ್ಲ. ನಾನಾದರೆ ಎರಡನೆಯದನ್ನೂ ಮೂರನೆಯದನ್ನೂ ಸೇರಿಸುತ್ತೇನೆ, ಅರ್ಧ ಹಸಿ ಮಾರಿ ಅರ್ಧ ಚಾಲಿಗೆ ಇಡುತ್ತೇನೆ. ನಿಮ್ಮ ಮನೆಯ ಲೆಕ್ಕ ನಿಮಗೇ ಗೊತ್ತು.

ಯಾವುದೇ ಆದರೂ ನಿಮ್ಮ ಪಾಲಿನ ಕೆಲಸ ಬೆಳಿಗ್ಗೆ ಹತ್ತರಿಂದ ಒಂದರೊಳಗೆ ಮುಗಿಯಬೇಕು, ಶಿಫ್ಟ್ ಆದ ಮೇಲೆ ಅಡಿಕೆ ಅಟ್ಟದ ಕಡೆ ಹೋಗುವಂತಿಲ್ಲ ಅಂತ ಮೊದಲೇ ಹೇಳಿಡಿ. ರಕ್ತದ ರಿಪೋರ್ಟ್ ಬಂದ ಮೇಲೆ ಹತ್ತಿರದ ಡಾಕ್ಟರಿಗೆ ತೋರಿಸಿ, ಎಲ್ಲ ಸರಿ ಇದ್ದು, ನಿದ್ದೆಯನ್ನು ಮೂರು ವಾರ ಹೇಳಿದ ಹಾಗೆ ನಡೆಸಿಯೂ ಸುಸ್ತು ಇಷ್ಟೇ ಇದ್ದರೆ ಮತ್ತೆ ಬರೆಯಿರಿ. ಆಗ ಮುಟ್ಟಿನ ವಿಷಯವನ್ನೂ, ಗೊರಕೆ ಹೊಡೆಯುತ್ತೀರಾ ಅಂತ ಅಮ್ಮನನ್ನು ಕೇಳಿ ಅದನ್ನೂ ಸೇರಿಸಿ ಬರೆಯಿರಿ.